ದ್ರಾಕ್ಷಿಗಿರುವ ಪರೀಕ್ಷೆ ನೀರಿಗೂ ಇರಲಿ

ಯುರೋಪಿಗೆ ಹೋಗುವ ದ್ರಾಕ್ಷಿ ಹಡಗು ಹತ್ತುವ ಮೊದಲು ಪ್ರಯೋಗಾಲಯದ ಹೊಸ್ತಿಲು ದಾಟಬೇಕು. ತೋಟದಿಂದ ಗೊನೆಗಳ ಮಾದರಿ ತೆಗೆಯುತ್ತಾರೆ. ಮೊಹರು ಹಾಕಿ ಒಯ್ಯುತ್ತಾರೆ. ಹಣ್ಣನ್ನು ಅರೆದು, ಅದರಲ್ಲಿ ಯಾವ ಔಷಧದ ಶೇಷ ಎಷ್ಟು ಉಳಿದಿದೆ ಎಂದು ಹುಡುಕುತ್ತಾರೆ. ಕೃಷಿ ರಫ್ತನ್ನು ನೋಡಿಕೊಳ್ಳುವ ಅಪೇಡಾ ಸಂಸ್ಥೆ ಮತ್ತು ಪುಣೆ ಸಮೀಪದ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ 2003-04ರಿಂದ ಈ ಏರ್ಪಾಟನ್ನು ನಡೆಸಿಕೊಂಡು ಬಂದಿವೆ. ಇಷ್ಟಿದ್ದೂ 2010ರಲ್ಲಿ ಒಂದು ದೊಡ್ಡ ಪೆಟ್ಟು ಬಿತ್ತು. ಬಳ್ಳಿಯ ಓಟ ತಡೆಯಲು ಬಳಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ. ಯುರೋಪಿನವರ ಪಟ್ಟಿಯಲ್ಲಿತ್ತು. ಅಲ್ಲಿ ಅದು ಸಿಕ್ಕಿತು, ಮಾಲು ತಿರಸ್ಕೃತವಾಯಿತು, ಬೆಳೆಗಾರರ ವರ್ಷದ ದುಡಿಮೆ ಬಂದರಿನಲ್ಲೇ ಕರಗಿತು. ಆಮೇಲೆ ನಮ್ಮ ಪಟ್ಟಿಗೂ ಅದು ಸೇರಿತು. ಹುಡುಕದೇ ಬಿಟ್ಟದ್ದು ಇಲ್ಲವೆಂದು ಅರ್ಥವಲ್ಲ ಎಂಬುದನ್ನು ದ್ರಾಕ್ಷಿ ಬೆಳೆಗಾರರು ಅಷ್ಟು ದೊಡ್ಡ ಬೆಲೆ ಕೊಟ್ಟು ಕಲಿತರು.

ಅದೇ ಬಳ್ಳಿಯ ಬುಡದಲ್ಲಿ ಒಂದು ಬಾವಿ ಇರುತ್ತದೆ, ಇಲ್ಲವೇ ಬೋರು ಇರುತ್ತದೆ. ತೋಟದ ಮನೆಯವರು, ಕೂಲಿಗೆ ಬಂದ ತಾಯಂದಿರು, ದನಕರುಗಳು ಕುಡಿಯುವುದು ಆ ನೀರನ್ನೇ. ದೂರದೇಶದವರು ತಿನ್ನುವ ಹಣ್ಣಿಗೆ ಅಷ್ಟೊಂದು ಪರೀಕ್ಷೆ ಇರುವಾಗ ನಾವು ಕುಡಿಯುವ ನೀರಿಗೂ ಅಂಥದೊಂದು ಪರೀಕ್ಷೆ ಬೇಡವೇ? ವಿಜಯಪುರ, ತಿಕೋಟಾ, ಬಬಲೇಶ್ವರದ ಓದುಗರ ಮುಂದೆ ಈ ಒಂದು ಮಾತನ್ನು ಇಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನೀರಿನ ಪರೀಕ್ಷೆ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಜಲಜೀವನ ಮಿಷನ್ ಯೋಜನೆಯಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು, ಕೈಗೆ ಪರೀಕ್ಷಾ ಕಿಟ್ ಕೊಡುವ ವ್ಯವಸ್ಥೆ ಇದೆ. ಆ ಕಿಟ್ಟಿನಲ್ಲಿ ಗಡಸುತನ ತಿಳಿಯುತ್ತದೆ. ಫ್ಲೋರೈಡ್, ನೈಟ್ರೇಟ್, ಕ್ಲೋರೈಡ್, ಕಬ್ಬಿಣ ತಿಳಿಯುತ್ತವೆ. ಸಪ್ಪೆ ನೀರೋ ಸವಳು ನೀರೋ ಎಂದು ನಾಲಿಗೆಯಲ್ಲೇ ಹೇಳಬಲ್ಲ ನಮ್ಮ ಸೀಮೆಗೆ ಇದೊಂದು ದೊಡ್ಡ ಉಪಕಾರ. ಆದರೆ ಆ ಕಿಟ್ಟು ಕೀಟನಾಶಕವನ್ನು ಕಾಣಲಾರದು. ಶಿಲೀಂಧ್ರನಾಶಕ, ಕಳೆನಾಶಕ, ಡೀಸೆಲ್, ಸುಟ್ಟ ಎಂಜಿನ್ ಎಣ್ಣೆ, ಪೇಂಟಿನ ತಿನ್ನರ್ ಯಾವುದನ್ನೂ ಕಾಣಲಾರದು. ಇವುಗಳಲ್ಲಿ ಹೆಚ್ಚಿನವು ಇಂಗಾಲದ ಸಂಯುಕ್ತಗಳು. ವಿಜ್ಞಾನಿಗಳು ಇವನ್ನು ಸಾವಯವ ಮಾಲಿನ್ಯಕಾರಕಗಳು ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ, ಅಂದರೆ 2012ರ ಐಎಸ್ 10500, ಇವುಗಳಲ್ಲಿ ಕೆಲವಕ್ಕೆ ಮಿತಿಯನ್ನು ಬರೆದಿಟ್ಟಿದೆ. ಲೀಟರ್ ನೀರಿನಲ್ಲಿ ಕ್ಲೋರ್‌ಪೈರಿಫಾಸ್ 30 ಮೈಕ್ರೋಗ್ರಾಂ ಮೀರಬಾರದು. ಮೊನೊಕ್ರೊಟೊಫಾಸ್ 1, ಎಂಡೋಸಲ್ಫಾನ್ 0.4, ಮಿಥೈಲ್ ಪ್ಯಾರಾಥಿಯಾನ್ 0.3 ಮೈಕ್ರೋಗ್ರಾಂ ಮೀರಬಾರದು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಬಣ್ಣ, ರುಚಿ, ವಾಸನೆಗಳಿಂದ ಈ ಪ್ರಮಾಣವನ್ನು ಯಾರೂ ಕಂಡುಹಿಡಿಯಲಾರರು.

ಇಷ್ಟು ಸೂಕ್ಷ್ಮವಾದುದನ್ನು ಹಿಡಿಯುವ ವಿದ್ಯೆ ಕಡಲಿನಲ್ಲೂ ಬೆಳೆದಿದೆ. ವಿಜಯಪುರಕ್ಕೂ ಕಡಲಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಡೋಣಿಯದು. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟುವ ಡೋಣಿ ನಮ್ಮ ಕರಿಮಣ್ಣಿನ ನಡುವೆ ಹರಿದು, ಸಾರವಾಡದ ಸೇತುವೆಯ ಕೆಳಗೆ ಹಾಯ್ದು, ತಾಳಿಕೋಟೆಯಾಚೆ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ದಾಟಿ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ತಿಕೋಟಾದ ಹಳ್ಳಕ್ಕೆ ಚೆಲ್ಲಿದ್ದಕ್ಕೆ ಕಡಲಿನವರೆಗೂ ದಾರಿ ಇದೆ. ಬಹಳಷ್ಟು ವಸ್ತುಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ದಾರಿಯಲ್ಲೇ ಒಡೆದುಹೋಗುತ್ತವೆ. ಕೆಲವು ಒಡೆಯುವುದಿಲ್ಲ. ಯಾವ ಹೊಲವೂ ಇಲ್ಲದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ಮೈಯಲ್ಲಿ ಡಿಡಿಟಿ ಇದೆ ಎಂದು 1966ರಲ್ಲೇ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂಥ ಹಠಮಾರಿ ರಾಸಾಯನಿಕಗಳಿಗೆ ಅಂಕುಶ ಹಾಕಲೆಂದೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. 2006ರಲ್ಲಿ ಭಾರತ ಅದನ್ನು ಅನುಮೋದಿಸಿತು.

ಕಡಲ ನೀರಿನಲ್ಲಿ ಇವನ್ನು ಹುಡುಕುವುದು ಎಷ್ಟು ಕಷ್ಟ ಎಂದು ಸ್ವಲ್ಪ ಯೋಚಿಸಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹುಡುಕಬೇಕಾದ ಔಷಧ ಅದರ ಕೋಟ್ಯಂತರ ಪಾಲಿನಲ್ಲಿ ಒಂದು ಪಾಲು. ಉಪ್ಪಿನ ಗದ್ದಲದಲ್ಲಿ ಅದರ ದನಿ ಉಪಕರಣಕ್ಕೆ ಕೇಳಿಸಬೇಕು. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಬಹಳ ಸೊಗಸಾಗಿದೆ. ನೀರನ್ನು ಒಲ್ಲದ, ಎಣ್ಣೆಯಂಥ ವಸ್ತುಗಳನ್ನು ಮಾತ್ರ ಎಳೆದುಕೊಳ್ಳುವ ತೆಳ್ಳನೆಯ ಪಾಲಿಮರ್ ಪೊರೆಯನ್ನು ಸಂವೇದಕದ ಮೈಗೆ ಬಳಿಯುತ್ತಾರೆ. ನೀರು, ಉಪ್ಪು ಎರಡೂ ಹೊರಗೆ ಉಳಿಯುತ್ತವೆ. ಬೆಂಜೀನ್, ಕ್ಲೋರಿನ್ ಬೆರೆತ ದ್ರಾವಕಗಳು, ಹಲವು ಕೀಟನಾಶಕಗಳು ಪೊರೆಯೊಳಗೆ ಸೇರಿ ಕ್ರಮೇಣ ಒತ್ತಾಗುತ್ತವೆ. ಪೊರೆಯ ಅಡಿಯಿಂದ ಅತಿಗೆಂಪು ಬೆಳಕನ್ನು ಹಾಯಿಸಿದರೆ ಒಂದೊಂದು ವಸ್ತುವೂ ಆ ಬೆಳಕಿನ ತನ್ನದೇ ಪಾಲನ್ನು ಹೀರುತ್ತದೆ. ಹೀರಿದ ಗುರುತಿನಿಂದ ಹೆಸರು, ಹೀರಿದ ಪ್ರಮಾಣದಿಂದ ಲೆಕ್ಕ ಎರಡೂ ಸಿಗುತ್ತವೆ.

ಎಣ್ಣೆಗೆ ಬೇರೆ ದಾರಿ ಇದೆ. ಡೀಸೆಲ್, ಎಂಜಿನ್ ಎಣ್ಣೆಗಳ ಕೆಲವು ಅಂಶಗಳು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ, ಬೇರೆ ಬಣ್ಣದಲ್ಲಿ ಹಿಂದಿರುಗಿಸುತ್ತವೆ. ಆ ಮಿನುಗನ್ನು ಅಳೆಯುವ ಸಂವೇದಕವನ್ನು ತೇಲುವ ಬೋಯಾಕ್ಕೆ ಕಟ್ಟಿ ತಿಂಗಳುಗಟ್ಟಲೆ ಕಡಲಲ್ಲಿ ಬಿಡಬಹುದು. ಪಾಚಿ, ಚಿಪ್ಪುಹುಳುಗಳು ಗಾಜನ್ನು ಮುತ್ತದಂತೆ ಆಗಾಗ ಒರೆಸುವ ಪುಟ್ಟ ಬ್ರಷ್ಷನ್ನೂ ಜೊತೆಗೆ ಕೂಡಿಸುತ್ತಾರೆ. ಬೋಯಾಗಳ ಮೇಲೆ ಸಂವೇದಕಗಳನ್ನಿಟ್ಟು ಕರಾವಳಿಯ ನೀರಿನ ಗುಣವನ್ನು ಹೊತ್ತುಹೊತ್ತಿಗೆ ತಿಳಿಯುವ ಕೆಲಸವನ್ನು ನಮ್ಮ ದೇಶದಲ್ಲೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಚ್ಚಿ ಮತ್ತು ವಿಶಾಖಪಟ್ಟಣದ ಬಳಿ ಆರಂಭಿಸಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗಂತೂ 1966ರಿಂದ ಕಡಲೇ ಪ್ರಯೋಗಶಾಲೆ.

ಮೂರನೆಯ ದಾರಿಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ತೋಟದಲ್ಲಿ ದುಡಿಯುವವರ ದೇಹಕ್ಕೆ ನೇರವಾಗಿ ಸಂಬಂಧಿಸಿದ್ದು. ನಮ್ಮ ನರಗಳು ಸ್ನಾಯುಗಳಿಗೆ ಸಂದೇಶ ಕಳಿಸಿದ ಮೇಲೆ ಆ ಸಂದೇಶವನ್ನು ಅಳಿಸುವ ಕಿಣ್ವವೊಂದಿದೆ. ಅದರ ಹೆಸರು ಅಸಿಟೈಲ್‌ಕೋಲಿನ್ ಎಸ್ಟರೇಸ್. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಈ ಕಿಣ್ವದ ಕೈ ಕಟ್ಟುತ್ತವೆ. ಕೀಟ ಸಾಯುವುದು ಹೀಗೆ. ಮೂಗು ಬಾಯಿ ಮುಚ್ಚಿಕೊಳ್ಳದೆ ಔಷಧ ಹೊಡೆದವರಿಗೆ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ಕೂಡ ಹೀಗೆಯೇ. ಇದೇ ಕಿಣ್ವವನ್ನು ಕಾಗದದ ಪಟ್ಟಿಗೆ ಇಳಿಸಿ ಸಂವೇದಕ ಮಾಡಿದ್ದಾರೆ. ಪಟ್ಟಿಯ ಒಂದು ಬಿಲ್ಲೆಯಲ್ಲಿ ಕಿಣ್ವ, ಇನ್ನೊಂದರಲ್ಲಿ ಅದು ಒಡೆಯಬೇಕಾದ ವಸ್ತು ಇರುತ್ತದೆ. ಕಿಣ್ವದ ಬಿಲ್ಲೆಗೆ ಪರೀಕ್ಷೆಯ ನೀರು ಹಾಕಿ ಕೆಲವು ನಿಮಿಷ ಕಾಯಬೇಕು. ಬಳಿಕ ಪಟ್ಟಿಯನ್ನು ಮಡಚಿ ಎರಡೂ ಬಿಲ್ಲೆಗಳನ್ನು ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ಕಿಣ್ವ ಜೀವಂತವಾಗಿದ್ದರೆ ಬಿಲ್ಲೆ ನೀಲಿಯಾಗುತ್ತದೆ. ಬಿಳಿಯಾಗಿಯೇ ಉಳಿದರೆ ಅದರ ಕೈಯನ್ನು ಏನೋ ಕಟ್ಟಿದೆ ಎಂದು ಅರ್ಥ. ಕೆಲವು ದೇಶಗಳಲ್ಲಿ ತರಕಾರಿ ಪೇಟೆಯಲ್ಲೇ ಈ ಪಟ್ಟಿಯನ್ನು ಬಳಸುತ್ತಾರೆ.

ಈ ಪಟ್ಟಿಯ ಮಿತಿಯನ್ನೂ ಹೇಳಿಬಿಡಬೇಕು. ಅದು ಗುರುತಿಸುವುದು ಆ ಎರಡು ಗುಂಪುಗಳನ್ನು ಮಾತ್ರ. ದ್ರಾಕ್ಷಿ ತೋಟದಲ್ಲಿ ದಾವಣಿ, ಬೂದಿ ರೋಗಗಳಿಗೆ ಹೊಡೆಯುವ ಶಿಲೀಂಧ್ರನಾಶಕಗಳು, ಚಾಟ್ನಿ (ಬಳ್ಳಿ ಸವರುವಿಕೆ) ಆದ ಮೇಲೆ ಕಣ್ಣು ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್, ಜಿಎ ಎಂಬ ಬೆಳವಣಿಗೆ ಚೋದಕ ಇವು ಅದಕ್ಕೆ ತಿಳಿಯುವುದಿಲ್ಲ. ಮಾನಕ ಹೇಳುವ ಅತಿ ಸಣ್ಣ ಪ್ರಮಾಣಗಳೂ ಅದಕ್ಕೆ ನಿಲುಕುವುದಿಲ್ಲ. ಸಂವೇದಕವು ತೋಟದ ನಾಯಿಯಂತೆ: ಯಾರೋ ಬಂದರು ಎಂದು ಬೊಗಳುತ್ತದೆ, ಬಂದವರ ಹೆಸರು ಹೇಳುವುದಿಲ್ಲ. ಹೆಸರು, ಪ್ರಮಾಣ ಎರಡನ್ನೂ ಖಚಿತವಾಗಿ ಹೇಳಲು ಪ್ರಯೋಗಾಲಯದ ದೊಡ್ಡ ಯಂತ್ರಗಳೇ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷದ ಪರೀಕ್ಷೆಗೆಂದೇ ಪ್ರಯೋಗಾಲಯವಿದೆ. ನಮಗೆ ಅದು ತೀರ ದೂರದ ಊರೇನಲ್ಲ.

ಉಪಕರಣಕ್ಕಿಂತ ಮೊದಲು ಜನರೇ ನೋಡಿ, ಬರೆದಿಟ್ಟು, ಕೊನೆಗೆ ದೇಶವನ್ನೇ ಎಚ್ಚರಿಸಿದ ಕಥೆ ನಮ್ಮ ಕನ್ನಡ ನೆಲದಲ್ಲೇ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ತೋಟಗಳು ಗುಡ್ಡದ ಮೇಲೆ, ಮನೆ, ಬಾವಿ, ತೋಡುಗಳು ಕೆಳಗೆ. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಹುಟ್ಟು ಅಂಗವಿಕಲತೆ ಹೀಗೆ ಒಂದೇ ಬಗೆಯ ತೊಂದರೆಗಳು ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿದರು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆ ಬರೆದರು. 2001ರಲ್ಲಿ ಅಲ್ಲಿನ ನೀರು, ಮಣ್ಣು, ರಕ್ತದ ಮಾದರಿಗಳು ದೆಹಲಿಯ ಪ್ರಯೋಗಾಲಯ ತಲುಪಿದವು. ಅವುಗಳಲ್ಲಿ ಎಂಡೋಸಲ್ಫಾನ್ ಇತ್ತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಮನೆಗಳೂ ಅದೇ ನೋವನ್ನು ಉಂಡವು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ವಿಷವನ್ನು ದೇಶದಾದ್ಯಂತ ತಡೆಯಿತು. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಹಾಸಿಗೆ ಹಿಡಿದಿದ್ದರು.

ನಮ್ಮ ತೋಟಗಳು ಪಡ್ರೆ ಆಗಿವೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೆಳೆಗಾರರು ಹೆಲಿಕಾಪ್ಟರಿನಿಂದ ವಿಷ ಸುರಿಸಿದವರಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರನ್ನು ಸಾಲ ಮಾಡಿ ತಂದು ಬಳ್ಳಿ ಉಳಿಸಿಕೊಂಡವರು. ನೀರಿನ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಮನವಿಯನ್ನು ಮೊದಲು ಅವರ ಮುಂದೆಯೇ ಇಡುತ್ತೇನೆ.

ದ್ರಾಕ್ಷಿ ಬೆಳೆಗಾರ ಬಂಧುಗಳೇ, ಬ್ಲೋವರಿನ ಟ್ಯಾಂಕಿಗೆ ನೀರು ತುಂಬಿಸುವ ಹೊತ್ತನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕೃಷಿ ಹೊಂಡದಿಂದ ಪೈಪು ಎಳೆದು, ಅದರ ತುದಿಯನ್ನು ಟ್ಯಾಂಕಿನೊಳಗೆ ಇಳಿಬಿಟ್ಟು, ಔಷಧವನ್ನೂ ಹಾಕಿ ಕಲಸುತ್ತೇವೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಮೋಟಾರು ನಿಲ್ಲುತ್ತದೆ. ಪೈಪಿನ ತುದಿ ಔಷಧದ ನೀರಿನಲ್ಲಿ ಮುಳುಗಿದ್ದು, ಹೊಂಡದ ನೀರಿನ ಮಟ್ಟ ಟ್ಯಾಂಕಿಗಿಂತ ತಗ್ಗಿನಲ್ಲಿದ್ದರೆ, ಕಲಸಿದ ಔಷಧವೆಲ್ಲ ಅದೇ ಪೈಪಿನಲ್ಲಿ ಹಿಂದಕ್ಕೆ ಹೊಂಡಕ್ಕೆ ಎಳೆದುಕೊಂಡು ಹೋಗಬಹುದು. ಯಾರ ತಪ್ಪೂ ಇಲ್ಲದೆ, ಯಾರಿಗೂ ತಿಳಿಯದೆ, ಇಡೀ ಹೊಂಡ ಕೆಡುತ್ತದೆ. ಪೈಪಿನ ತುದಿಯನ್ನು ಟ್ಯಾಂಕಿನ ಬಾಯಿಯಿಂದ ಒಂದು ಗೇಣು ಮೇಲೆ ಕಟ್ಟಿಬಿಡಿ. ನೀರು ಮೇಲಿನಿಂದ ಬೀಳಲಿ. ಇದಕ್ಕೆ ಖರ್ಚಾಗುವುದು ಒಂದು ತುಂಡು ಹಗ್ಗ. ಔಷಧ ಹಾಕುವುದು ಪೈಪು ಹೊರಗೆ ತೆಗೆದ ಮೇಲೆಯೇ ಆಗಲಿ.

ಖಾಲಿ ಡಬ್ಬಿಯ ವಿಷಯದಲ್ಲೂ ಇಷ್ಟೇ ಸುಲಭದ ಕೆಲಸವಿದೆ. ಡಬ್ಬಿಗೆ ಕಾಲುಭಾಗ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಆ ನೀರನ್ನು ಬ್ಲೋವರಿನ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ ಮಾಡಿ. ಹಣ ಕೊಟ್ಟು ತಂದ ಔಷಧ ಪೂರ್ತಿ ಬಳ್ಳಿಗೆ ಹೋಗುತ್ತದೆ, ಹಳ್ಳಕ್ಕಲ್ಲ. ಆಮೇಲೆ ಡಬ್ಬಿಗೆ ತೂತು ಮಾಡಿ. 1971ರ ಕೀಟನಾಶಕ ನಿಯಮಗಳು ಕೂಡ ಖಾಲಿ ಡಬ್ಬಿಗಳನ್ನು ಮರುಬಳಸದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು ಹೇಳುತ್ತವೆ. ಎಷ್ಟೇ ತೊಳೆದರೂ ಆ ಡಬ್ಬಿಯಲ್ಲಿ ಕುಡಿಯುವ ನೀರು, ಸೀಮೆ ಎಣ್ಣೆ, ಉಪ್ಪು ತುಂಬಿಡಬೇಡಿ. ಬ್ಲೋವರ್ ತೊಳೆದ ನೀರನ್ನು ಹೊಂಡದ ಏರಿಯ ಮೇಲೆ ಬಿಡುವ ಬದಲು ತೋಟದ ಒಂದು ಸಾಲಿಗೆ ಹೊಡೆದುಬಿಡಿ. ಬಳ್ಳಿಯ ಬುಡದ ಜೀವಂತ ಮಣ್ಣು ಅದನ್ನು ಒಡೆಯಬಲ್ಲದು, ಹೊಂಡದ ನೀರಿಗೆ ಆ ಶಕ್ತಿ ಕಡಿಮೆ.

ನಮ್ಮ ಕರಿಮಣ್ಣಿನ ಗುಣವೂ ನೆನಪಿರಲಿ. ಈ ಜೇಡಿ ಹಲವು ಔಷಧಗಳನ್ನು ತನ್ನಲ್ಲಿ ಬಿಗಿಹಿಡಿಯುತ್ತದೆ. ಅದು ನಮ್ಮ ಭಾಗ್ಯ. ಆದರೆ ಬೇಸಿಗೆಯಲ್ಲಿ ಅದೇ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೊದಲ ದೊಡ್ಡ ಮಳೆಯ ನೀರು ಮಣ್ಣಿನಲ್ಲಿ ಸೋಸದೆ ಬಿರುಕಿನ ಗುಂಟ ನೇರ ಕೆಳಗೆ ಇಳಿಯುತ್ತದೆ. ಮೋಡ ಕವಿದಿರುವ ದಿನ ಔಷಧ ಹೊಡೆಯುವುದನ್ನು ಒಂದು ದಿನ ಮುಂದೂಡಿದರೆ ಔಷಧವೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಹಳ್ಳದ ಬದುವಿಗೆ ನಾಲ್ಕು ಮಾರು ಹುಲ್ಲಿನ ಪಟ್ಟಿ ಬಿಟ್ಟರೆ ಹರಿದು ಬರುವ ಮಣ್ಣು ಅಲ್ಲೇ ನಿಲ್ಲುತ್ತದೆ, ಮಣ್ಣಿಗೆ ಅಂಟಿದ ಔಷಧವೂ ಅಲ್ಲೇ ಉಳಿಯುತ್ತದೆ. ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್ಡಿನವರಲ್ಲೂ ಒಂದು ಮಾತು: ದ್ರಾಕ್ಷಿ ಅದ್ದಿ ಉಳಿದ ಡಿಪ್ಪಿಂಗ್ ಆಯಿಲಿನ ದ್ರಾವಣ ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯುವನ್ನು ತಿನ್ನುತ್ತದೆ. ಕೆರೆಗೆ, ಹಳ್ಳಕ್ಕೆ ಅದು ಸೇರದಿರಲಿ.

ಕೀಟನಾಶಕದ ಅಂಗಡಿ ನಡೆಸುವ ಸೋದರರೇ, ರೈತ ಮೊದಲು ಸಲಹೆ ಕೇಳುವುದು ನಿಮ್ಮನ್ನೇ. ಲೇಬಲ್ಲಿನ ಮೇಲಿನ ತ್ರಿಕೋನದ ಬಣ್ಣವನ್ನು ಬೆರಳಿಟ್ಟು ತೋರಿಸಿ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್ ಮೂರನ್ನೂ ಕೇಂದ್ರ ಸರ್ಕಾರ 2023ರ ಆದೇಶದಲ್ಲಿ ನಿಷೇಧಿಸಿದೆ. ಹಳೆಯ ಡಬ್ಬಿ ಯಾರ ಮನೆಯ ಮಾಡದಲ್ಲಾದರೂ ಉಳಿದಿದ್ದರೆ ಅದನ್ನು ಬಳಸಬೇಡಿ ಎಂದು ನೀವು ಹೇಳಿದರೆ ರೈತ ಕೇಳುತ್ತಾನೆ.

ವಿಜಯಪುರ ನಗರದ ಓದುಗರೇ, ಇದು ಹಳ್ಳಿಯವರ ಮಾತಷ್ಟೇ ಎಂದು ದಯವಿಟ್ಟು ಪುಟ ಮಗುಚಬೇಡಿ. ನೀರನ್ನು ಗೌರವಿಸುವುದರಲ್ಲಿ ನಿಮ್ಮ ಊರಿಗೆ ಹಿರಿಯ ಇತಿಹಾಸವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದ ತಾಜ್ ಬಾವಡಿ, ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್, ಬಬಲೇಶ್ವರದ ಬದಿಗೆ ಮಮದಾಪುರದ ಕೆರೆಗಳು, ತೊರವಿಯಿಂದ ನೆಲದಡಿಯಲ್ಲಿ ನೀರು ತಂದ ಸುರಂಗಗಳು ಇವೆಲ್ಲ ಈ ಒಣನಾಡಿನ ಜನ ಕಂಡುಕೊಂಡ ದಾರಿಗಳು. ನೀರಿನ ಒತ್ತಡ ಇಳಿಸಲು ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಹೂಳು ಅವುಗಳ ತಳದಲ್ಲಿ ನಿಂತು ತಿಳಿನೀರು ಮುಂದೆ ಹೋಗುತ್ತಿತ್ತು. ಅಂದಿನ ಕೊಳೆ ಕಣ್ಣಿಗೆ ಕಾಣುವಂಥದ್ದು, ಕೆಳಗೆ ಕೂರುವಂಥದ್ದು. ಇಂದಿನದು ಕಾಣುವುದಿಲ್ಲ, ಕೂರುವುದೂ ಇಲ್ಲ. ಗಂಜ್ ಕಟ್ಟಿದವರ ಜಾಣ್ಮೆಗೆ ಸಮನಾದ ಏರ್ಪಾಟು ಈ ಕಾಲದಲ್ಲಿ ಆಗಬೇಕಾದದ್ದು ಪರೀಕ್ಷೆಯ ರೂಪದಲ್ಲಿ.

ಗ್ಯಾರೇಜಿನಲ್ಲಿ ಗಾಡಿಯ ಎಣ್ಣೆ ಬದಲಿಸುವಾಗ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಮೆಕ್ಯಾನಿಕ್ ಅಣ್ಣನನ್ನು ಒಮ್ಮೆ ಕೇಳಿ. ಕೇಳಿದರೆ ಸಾಕು, ಮರುದಿನದಿಂದ ಅವರೂ ಡ್ರಮ್ಮಿನಲ್ಲಿ ಕೂಡಿಡುತ್ತಾರೆ ಎಂಬ ನಂಬಿಕೆ ನನಗಿದೆ. ಸುಟ್ಟ ಎಣ್ಣೆ ಕೊಳ್ಳುವವರೂ ಇದ್ದಾರೆ. ತಿನ್ನರ್, ಉಳಿದ ಪೇಂಟು, ಅವಧಿ ಮುಗಿದ ಔಷಧದ ಬಾಟಲಿ ಗಟಾರಕ್ಕೆ ಬೀಳದಿರಲಿ. ತಾಜ್ ಬಾವಡಿಯಲ್ಲಿ ಒಂದು ಕಾಲಕ್ಕೆ ಬಟ್ಟೆ ತೊಳೆಯುವುದೂ ಗಣಪತಿ ಬಿಡುವುದೂ ನಡೆಯುತ್ತಿತ್ತು. ಹೂಳೆತ್ತಿ ಸ್ವಚ್ಛ ಮಾಡಿದ ಮೇಲೆ ಅದರ ಮೆಟ್ಟಿಲ ಮೇಲೆ ನಿಂತವರಿಗೆ ನೀರು ಹೇಗೆ ಮರಳಿ ಕಣ್ಣು ತೆರೆಯಿತು ಎಂಬುದು ಗೊತ್ತು. ಈ ಸಲದ ಗಣಪತಿ ಬಣ್ಣ ಬಳಿಯದ ಮಣ್ಣಿನದಾಗಲಿ, ಮನೆಯ ಬಕೆಟ್ಟಿನಲ್ಲಿ ಕರಗಲಿ. ನೀವು ಕುಡಿಯುವುದು ಕೊಲ್ಹಾರದಿಂದ ಬರುವ ಕೃಷ್ಣೆಯ ನೀರು, ಭೂತನಾಳ ಕೆರೆಯ ನೀರು. ನಿಮ್ಮ ಮೇಲಿನ ಊರಿನವರು ನದಿಗೆ ಏನನ್ನೂ ಬಿಡಬಾರದು ಎಂದು ನೀವು ಬಯಸುವಂತೆ, ನಿಮ್ಮ ಕೆಳಗಿನ ಊರಿನವರೂ ಬಯಸುತ್ತಾರೆ.

ವಿದ್ಯಾರ್ಥಿಗಳಲ್ಲಿ, ಅವರ ಗುರುಗಳಲ್ಲಿ ನನಗೆ ವಿಶೇಷ ಭರವಸೆಯಿದೆ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯ, ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಮೂರೂ ನಮ್ಮಲ್ಲೇ ಇವೆ. ರಸಾಯನಶಾಸ್ತ್ರ ಬಲ್ಲವರು ಒಂದು ಕಡೆ, ಬೆಳೆ ಬಲ್ಲವರು ಇನ್ನೊಂದು ಕಡೆ, ಎಲೆಕ್ಟ್ರಾನಿಕ್ಸ್ ಬಲ್ಲವರು ಮತ್ತೊಂದು ಕಡೆ ಇದ್ದೀರಿ. ನಿಮಗೊಂದು ಸವಾಲನ್ನು ಪ್ರೀತಿಯಿಂದ ಒಪ್ಪಿಸುತ್ತೇನೆ. ಸಿಹಿನೀರಿಗೆಂದು ಮಾಡಿದ ಎಷ್ಟೋ ಸಂವೇದಕಗಳು ಉಪ್ಪು ಕಂಡೊಡನೆ ತಪ್ಪು ಲೆಕ್ಕ ಕೊಡುತ್ತವೆ. ನಮ್ಮ ಡೋಣಿಯ ನೀರು ಉಪ್ಪು, ಎಷ್ಟೋ ಬೋರುಗಳ ನೀರೂ ಸವಳು. ಹಾಗಾಗಿ ಕಡಲಿಗೆಂದು ಪಳಗಿದ ಉಪಾಯಗಳೇ ಈ ಒಳನಾಡಿಗೆ ಹೊಂದುತ್ತವೆ. ನೀರನ್ನು ಒಲ್ಲದ ಆ ಪೊರೆ, ಅತಿನೇರಳೆಯ ಆ ಮಿನುಗು, ಕಿಣ್ವದ ಆ ಬಿಲ್ಲೆ ಇವನ್ನು ಸಾರವಾಡದ ಸೇತುವೆಯ ಕೆಳಗಿನ ನೀರಿನಲ್ಲಿ ಪರೀಕ್ಷಿಸಿ ನೋಡಿ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಹೊಳೆಯುತ್ತಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಾಡಿಹೊಗಳಿದ ನದಿಗೆ ನಿಮ್ಮ ಓದಿನ ಒಂದಿಷ್ಟು ಪಾಲು ಸಲ್ಲಲಿ.

ಯಾವ ಉಪಕರಣವೂ ಇಲ್ಲದೆ ಜನ ಕೈಜೋಡಿಸಿದ ಉದಾಹರಣೆ ಬೇಕಿದ್ದರೆ ಜಪಾನಿನ ಕಡೆ ನೋಡಿ. ಟೋಕಿಯೊದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಿದೆಶಿಗೆ ತಕಾದ 2005ರಲ್ಲಿ ಲೋಕದ ಜನರಿಗೊಂದು ಮನವಿ ಮಾಡಿದರು. ಕಡಲ ದಂಡೆಯಲ್ಲಿ ಬಿದ್ದಿರುವ, ಪ್ಲಾಸ್ಟಿಕ್ ಕಾರ್ಖಾನೆಗಳ ಕಚ್ಚಾ ಮಾಲಾದ ಸಣ್ಣ ಕಾಳುಗಳನ್ನು ಹೆಕ್ಕಿ ಅಂಚೆಯಲ್ಲಿ ಕಳಿಸಿ ಎಂದರು. ಆ ಕಾಳುಗಳು ನೀರಿನಲ್ಲಿ ತೇಲುತ್ತ ಡಿಡಿಟಿಯಂಥ ವಿಷಗಳನ್ನು ಹೀರಿಕೊಂಡಿರುತ್ತವೆ. ಶಾಲೆಯ ಮಕ್ಕಳು, ಮೀನುಗಾರರು, ಪ್ರವಾಸಿಗರು ಕಳಿಸಿದ ಕಾಳುಗಳಿಂದಲೇ ಅವರು ಜಗತ್ತಿನ ಕರಾವಳಿಗಳ ಮಾಲಿನ್ಯದ ನಕಾಶೆ ತಯಾರಿಸಿದರು. ಇಂಥ ಕಾಳುಗಳು ನಮಗೂ ಹೊಸವಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ-3 ಹಡಗು ಮುಳುಗಿದಾಗ ಕೇರಳದ ಮರಳಿನ ಮೇಲೆ ಇವೇ ಬಿಳಿಯ ಕಾಳುಗಳು ರಾಶಿ ಬಿದ್ದವು.

ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ, ನೀರು ಸಮಿತಿಯವರಲ್ಲಿ ಕೇಳುವುದು ಇಷ್ಟೇ. ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿಗಳಿಂದ ಕೆರೆಗಳಿಗೆ ನೀರು ಬಂದಿದೆ. ತುಂಬಿದ ಕೆರೆಯನ್ನು ಕಂಡು ಬಾಗಿನ ಕೊಟ್ಟ ಊರುಗಳೇ, ವರ್ಷಕ್ಕೆ ಎರಡು ಸಲ ಆ ನೀರಿನ ಕೀಟನಾಶಕ ಪರೀಕ್ಷೆ ಆಗಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಬರೆಸಿ. ಒಂದು ಸಲ ಮುಂಗಾರಿನ ಮೊದಲ ದೊಡ್ಡ ಮಳೆಯ ಬೆನ್ನಿಗೆ, ಇನ್ನೊಂದು ಸಲ ಅಕ್ಟೋಬರ್ ಚಾಟ್ನಿಯ ನಂತರ ಔಷಧದ ಓಡಾಟ ಜೋರಾಗಿರುವಾಗ. ಹತ್ತು ತೋಟದವರು ಕೂಡಿದರೆ ಒಂದು ಮಾದರಿಯ ಖರ್ಚು ಯಾರಿಗೂ ಭಾರವಾಗದು. ಫಲಿತಾಂಶ ಏನೇ ಬರಲಿ, ಪಂಚಾಯಿತಿಯ ಗೋಡೆಗೆ ಹಚ್ಚಿ. ಒಳ್ಳೆಯದು ಬಂದರೆ ಎಲ್ಲರೂ ನೆಮ್ಮದಿಯಿಂದ ಕುಡಿಯೋಣ. ಕೆಟ್ಟದು ಬಂದರೆ ಯಾರನ್ನೂ ದೂರದೆ ಎಲ್ಲಿಂದ ಬಂತು ಎಂದು ಕೂಡಿ ಹುಡುಕೋಣ.

ಮಾದರಿ ತೆಗೆಯುವ ಕ್ರಮ ಹೀಗೆ. ಒಂದು ಲೀಟರಿನ ಕಂದು ಗಾಜಿನ ಬಾಟಲಿ ತನ್ನಿ. ಪ್ಲಾಸ್ಟಿಕ್ ಬಾಟಲಿ ಬೇಡ, ಅದು ಔಷಧವನ್ನು ತಾನೇ ಹೀರಬಹುದು. ಬೋರಿನದಾದರೆ ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು ಆಮೇಲೆ ಹಿಡಿಯಿರಿ. ಗಾಳಿಗೆ ಜಾಗವಿಲ್ಲದಂತೆ ಬಾಯಿಯವರೆಗೆ ತುಂಬಿ. ಊರು, ಜಾಗ, ದಿನಾಂಕ, ಹೊತ್ತು, ಸುತ್ತಲಿನ ತೋಟದಲ್ಲಿ ಈಚೆಗೆ ಹೊಡೆದ ಔಷಧದ ಹೆಸರು ಇಷ್ಟನ್ನೂ ಚೀಟಿಯಲ್ಲಿ ಬರೆದು ಅಂಟಿಸಿ. ಬಿಸಿಲು ತಾಗದಂತೆ ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ ಪ್ರಯೋಗಾಲಯ ಮುಟ್ಟಿಸಿ. ಯಾವ ಬಾಟಲಿ, ಎಷ್ಟು ಶುಲ್ಕ, ಯಾವ ದಿನ ತರಬೇಕು ಎಂದು ಮೊದಲೇ ಪ್ರಯೋಗಾಲಯವನ್ನು ಕೇಳಿಕೊಳ್ಳಿ. ಔಷಧ ಹೊಡೆದ ದಿನ, ಹೆಸರು, ಪ್ರಮಾಣಗಳನ್ನು ಬರೆಯುವ ವಹಿ ತೋಟದಲ್ಲಿ ಇದ್ದರೆ ಏನನ್ನು ಹುಡುಕಬೇಕು ಎಂಬುದು ಪ್ರಯೋಗಾಲಯಕ್ಕೆ ಸುಲಭವಾಗಿ ತಿಳಿಯುತ್ತದೆ.

ಈ ವರ್ಷ ನಿಮ್ಮ ಬಾವಿಯ, ನಿಮ್ಮ ಹೊಂಡದ, ನಿಮ್ಮ ಊರ ಕೆರೆಯ ಒಂದೇ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿಕೊಡಿ. ಪಕ್ಕದ ತೋಟದವರಿಗೂ ಹೇಳಿ, ಅವರನ್ನೂ ಜೊತೆಗೆ ಕರೆದುಕೊಳ್ಳಿ. ಇದು ನನ್ನ ಕಳಕಳಿಯ ವಿನಂತಿ.